ಬೆಳ್ಳಿ ಎಲ್ಲಿ ಹೋತು?

ರಾಯಚೂರು ಸೀಮೆಯ ಪಾಮನಕಲ್ಲೂರಿನಂಥ ಊರಿನಲ್ಲಿ ಪತ್ತಾರನ, ಅಂದರೆ ಅಕ್ಕಸಾಲಿಗನ, ಅಂಗಡಿ ಹುಡುಕಲು ಬೋರ್ಡು ನೋಡಬೇಕಿಲ್ಲ. ಎಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿಕೊಂಡು ಕೂತಿರುತ್ತಾನೋ, ಅವನೆದುರು ಒಬ್ಬ ಮುದುಕಿ ಅವನ ಕೈಯನ್ನೇ ನೋಡುತ್ತ ಕೂತಿರುತ್ತಾಳೋ, ಅದೇ ಅಂಗಡಿ. ಮುದುಕಿ ಬರುವಾಗಲೇ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾಳೆ. ತನ್ನ ಕಾಲ್ಗಡಗ ಕರಗಿ, ಮೊಮ್ಮಗಳ ಪೈಜಣವಾಗಿ, ತಿರುಗಿ ತನ್ನ ಸೆರಗಿನ ಗಂಟು ಸೇರುವವರೆಗೆ ಅವಳು ಏಳುವವಳಲ್ಲ. ಸಿಸಿ ಕ್ಯಾಮೆರಾ ಬರುವುದಕ್ಕೆ ಎಷ್ಟೋ ಮುಂಚೆ ಈ ವ್ಯವಸ್ಥೆ ಇತ್ತು. ಇದಕ್ಕೆ ಕರೆಂಟು ಬೇಡ, ನಡುನಡುವೆ ಒಂದು ಕಪ್ ಚಹಾ ಸಾಕು.

ಈ ಕಾವಲಿಗೆ ಕಾರಣ ಒಂದು ಗಾದೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಯಾರೋ ಪ್ರಾಸಕ್ಕೆ ಬಿದ್ದು ಹೇಳಿಬಿಟ್ಟರು. ಅಕ್ಕನ ಬದಲು ಅತ್ತೆಯೆಂದೋ ಮಾವನೆಂದೋ ಅಂದಿದ್ದರೆ ಪ್ರಾಸ ಕೂಡದೆ ಮಾತು ಅಲ್ಲಿಗೇ ಸಾಯುತ್ತಿತ್ತು, ಒಂದು ಕುಲಕಸುಬಿನ ಮಾನ ಉಳಿಯುತ್ತಿತ್ತು. ಹನ್ನೆರಡನೆಯ ಶತಮಾನದ ಕಿನ್ನರಿ ಬ್ರಹ್ಮಯ್ಯನೂ ಮೊದಲು ಅಕ್ಕಸಾಲಿಗನೇ. ಆ ಕಸುಬು ಬಿಟ್ಟು ಕಿನ್ನರಿ ಹಿಡಿದ, ಶರಣನಾದ. ಈಗಿನ ಪತ್ತಾರನಿಗೂ ತಿಂಗಳಿಗೊಮ್ಮೆಯಾದರೂ ಆ ಯೋಚನೆ ಬರುತ್ತದೆ. ಆದರೆ ಕಿನ್ನರಿ ನುಡಿಸಲು ಬಾರದು.

ಜಗಳ ಶುರುವಾಗುವುದು ತಕ್ಕಡಿಯಲ್ಲಿ. ಮುದುಕಿಯ ಅತ್ತೆ ಕಾಲದ ಕಡಗ ಇಪ್ಪತ್ತು ತೊಲಿ. ಆ ಕಾಲಕ್ಕೆ ತೊಲಿ ಎಂದರೆ ಬೆಳ್ಳಿಯ ಒಂದು ಬಂದಾ ರೂಪಾಯಿಯ ತೂಕ, 11.66 ಗ್ರಾಂ. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂತು, ಸೇರು ಹೋಯಿತು, ಮಣ ಹೋಯಿತು, ತೊಲಿ ಮಾತ್ರ ಹೋಗಲಿಲ್ಲ. ಹತ್ತು ಗ್ರಾಮಿಗೆ ಇಳಿದು ಬಾಯಲ್ಲೇ ಉಳಿದುಕೊಂಡಿತು. ಕಡಗ ತೂಗಿದರೆ ಸವೆತ ಕಳೆದು 230 ಗ್ರಾಂ, ಅಂದರೆ ಇಂದಿನ ಲೆಕ್ಕಕ್ಕೆ ಇಪ್ಪತ್ತಮೂರು ತೊಲಿ. ಯಾರಾದರೂ ಖುಷಿಪಡಬೇಕಾದ ಸುದ್ದಿ. ಮುದುಕಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

"ಇಪ್ಪತ್ತು ಇದ್ದದ್ದು ಇಪ್ಪತ್ತಮೂರು ಹ್ಯಾಂಗಾತಪ್ಪಾ? ನಿನ್ನ ತಕ್ಕಡ್ಯಾಗ ಏನೋ ಐತಿ."

"ಯವ್ವಾ, ಹೆಚ್ಚಾಗೈತಲ್ಲ, ಕಡಿಮಿ ಏನ್ ಆಗಿಲ್ಲಲ್ಲ?"

"ಬರಾಗ ಹೆಚ್ಚು ತೋರ್ಸೋ ತಕ್ಕಡಿ, ಹೋಗಾಗ ಏನ್ ತೋರಸ್ತೈತೋ!"

ಈ ಮಾತಿಗೆ ಉತ್ತರವಿಲ್ಲ. ಇನ್ನು ಇದೇ ಸೀಮೆಯ ಹಳೆ ಮನೆಗಳಿಂದ ನಿಜಾಮರ ಹಾಲಿ ಸಿಕ್ಕಾ ಬಂದರೆ ಲೆಕ್ಕ ಇನ್ನಷ್ಟು ಗೋಜಲು. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗಿನ ಆ ರೂಪಾಯಿ ಇಂಗ್ಲಿಷರ ರೂಪಾಯಿಗಿಂತ ತೂಕದಲ್ಲೂ ಒಂದಿಷ್ಟು ಕಡಿಮೆ, ಬೆಳ್ಳಿಯಲ್ಲೂ ಕಡಿಮೆ. ಎರಡನ್ನೂ ಒಂದೇ ಸರಕ್ಕೆ ಪೋಣಿಸಿಕೊಂಡು ಮೆರೆದವರಿಗೆ ಅದರ ವ್ಯತ್ಯಾಸ ಹೇಳಹೊರಟ ಪತ್ತಾರ ಮಧ್ಯಾಹ್ನದ ಊಟ ಮರೆಯಬೇಕಾಗುತ್ತದೆ.

ಆಮೇಲೆ ಬೆಂಕಿ. ಬೆಳ್ಳಿ ಕರಗಲು 961 ಡಿಗ್ರಿ ಮೀರಿದ ಕಾವು ಬೇಕು. ಏಪ್ರಿಲಿನಲ್ಲಿ ಮಸ್ಕಿ ಸೀಮೆಯ ಬಿಸಿಲು ನಲವತ್ತು ದಾಟಿ ಅರ್ಧ ಕೆಲಸ ಮಾಡಿಕೊಟ್ಟಂತೆಯೇ ಅನ್ನಿಸಿದರೂ, ಉಳಿದ ಒಂಬೈನೂರ ಇಪ್ಪತ್ತನ್ನು ಕುಂಪಟಿಯ ಇದ್ದಿಲು, ಗ್ಯಾಸಿನ ಟಾರ್ಚು ಸೇರಿ ಪೂರೈಸಬೇಕು. ಮೂಸೆಯಲ್ಲಿ ಚಿಟಿಕೆ ಬಿಳಿಗಾರ ಉದುರಿಸಿದರೆ ಕೊಳೆ ಒಂದು ಕಡೆಗೆ ಸರಿಯುತ್ತದೆ, ಅದರಡಿ ಬೆಳ್ಳಿ ಕನ್ನಡಿಯಂತೆ ತಿರುಗತೊಡಗುತ್ತದೆ. ಇಲ್ಲಿ ಬೆಳ್ಳಿಗೆ ಒಂದು ಕೆಟ್ಟ ಚಾಳಿಯಿದೆ. ಕರಗಿದಾಗ ಅದು ತನ್ನ ಗಾತ್ರದ ಇಪ್ಪತ್ತು ಪಟ್ಟಿನಷ್ಟು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಎಲ್ಲವನ್ನೂ ಒಮ್ಮೆಗೇ ಹೊರಹಾಕುತ್ತದೆ. ಜೊತೆಗೆ ಸಣ್ಣ ಹನಿಗಳು ಚಿಟ್ ಎಂದು ಸಿಡಿಯುತ್ತವೆ. ಎಲೆ ಅಡಿಕೆ ಹಾಕಿಕೊಂಡವರು ಮಾತಿನ ಮಧ್ಯೆ ಉಗುಳುತ್ತಾರಲ್ಲ, ಹಾಗೆ. ಪುಸ್ತಕದವರೂ ಇದನ್ನು ಬೆಳ್ಳಿಯ ಉಗುಳುವಿಕೆ ಎಂದೇ ಕರೆಯುತ್ತಾರೆ. ಮುದುಕಿಯ ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರಿದೆ.

"ಅಲ್ಲಿ ಹಾರಿತು ನೋಡು! ಆ ಮೂಲ್ಯಾಗ! ಹುಡುಕು ಮೊದಲ."

ಪತ್ತಾರ ಮೂಲೆಗೆ ಕೈ ಹಾಕುತ್ತಾನೆ. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಚಾಪೆಯ ಕೆಳಗಿನ ಮಣ್ಣಿನ ಪಾಲು. ಆ ಮಣ್ಣು ಸುಮ್ಮನೆ ಮಣ್ಣಲ್ಲ. ಅರದ ಪುಡಿ, ಕತ್ತರಿಸಿದ ತಂತಿಯ ತುದಿ, ಸಿಡಿದ ಹನಿ ಎಲ್ಲವೂ ಅಲ್ಲಿ ಬಿದ್ದಿರುತ್ತವೆ. ಅದಕ್ಕೇ ಅಕ್ಕಸಾಲಿಗ ಅಂಗಡಿ ಗುಡಿಸಿದ ಕಸವನ್ನು ತಿಪ್ಪೆಗೆ ಹಾಕುವುದಿಲ್ಲ, ಡಬ್ಬಿಯಲ್ಲಿ ತುಂಬಿಡುತ್ತಾನೆ. ಅದನ್ನು ಕೊಂಡು, ನೀರಿನಲ್ಲಿ ಜಾಲಿಸಿ, ಲೋಹ ತೆಗೆದು ಬದುಕುವ ಜನರೇ ಇದ್ದಾರೆ. ಕಸಕ್ಕೆ ಗಿರಾಕಿ ಬಂದು ಚೌಕಾಸಿ ಮಾಡುವ ಉದ್ಯೋಗ ಇದೊಂದೇ ಇರಬೇಕು.

ಹಾಗೆ ನೋಡಿದರೆ ಮಣ್ಣಿನಲ್ಲಿ ಲೋಹ ಹುಡುಕುವ ಚಟ ಈ ನೆಲದ ರಕ್ತದಲ್ಲೇ ಇದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಅಲ್ಲಿ ಚಿನ್ನದ ಬೆನ್ನಿಗೆ ಅಷ್ಟಿಷ್ಟು ಬೆಳ್ಳಿಯೂ ಹೊರಬರುತ್ತದೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನೂ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರೇ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾದದ್ದು ಆ ಕಲ್ಲಿನಿಂದ. ಚಿನ್ನ ಹುಡುಕಹೋದವನಿಗೆ ಚಕ್ರವರ್ತಿ ಸಿಕ್ಕ. ಪತ್ತಾರನಿಗೆ ಆ ಅದೃಷ್ಟವಿಲ್ಲ. ಅವನು ಅರ್ಧ ಗ್ರಾಂ ಬೆಳ್ಳಿ ಹುಡುಕಲು ಹೋದರೆ ಸಿಗುವುದು ಹೋದ ವರ್ಷ ಕಳೆದುಹೋಗಿದ್ದ ಚಿಮಟ.

ಕರಗಿದ್ದನ್ನು ಅಚ್ಚಿಗೆ ಹೊಯ್ದು ಸಲಾಕೆ ಮಾಡಿ, ಬಡಿದು, ಕಂಬಚ್ಚಿನ ಒಂದೊಂದೇ ತೂತಿನಲ್ಲಿ ತೂರಿಸಿ ಎಳೆದರೆ ತಂತಿ. ಪ್ರತಿ ತೂತೂ ಹಿಂದಿನದಕ್ಕಿಂತ ಸಣ್ಣದು. ಎಳೆದಷ್ಟೂ ಬೆಳ್ಳಿ ಸಿಟ್ಟಿಗೆದ್ದು ಬಿರುಸಾಗುತ್ತದೆ, ಮತ್ತೆ ಕಾಯಿಸಿ ಸಮಾಧಾನ ಮಾಡಬೇಕು. ಕಾಯಿಸುವಾಗ ಮಂದ ಕೆಂಪು ಬಣ್ಣ ಬಂದ ಕೂಡಲೇ ಕೈ ತೆಗೆಯಬೇಕು, ಆ ಕೆಂಪು ನೆರಳಿನಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಪತ್ತಾರನ ಅಂಗಡಿ ಯಾವಾಗಲೂ ಕತ್ತಲೆ. ಕತ್ತಲೆ ಕಂಡರೆ ಮುದುಕಿಗೆ ಮತ್ತೊಂದು ಅನುಮಾನ.

ಅವನು ಮಾಡುವ ಸಾಮಾನಿನ ಪಟ್ಟಿ ನೋಡಿದರೆ ಯಾವ ಡಿಸೈನರೂ ಬೆರಗಾಗಬೇಕು. ಚಿನ್ನ ಲಕ್ಷ್ಮಿ, ಕಾಲಿಗೆ ಇಡಬಾರದು ಎಂಬ ನಂಬಿಕೆಯಿಂದ ಸೊಂಟದ ಕೆಳಗಿನ ಸಾಮ್ರಾಜ್ಯವೆಲ್ಲ ಬೆಳ್ಳಿಯದು. ಕಾಲುಂಗುರ, ಪೈಜಣ, ಕೂಸಿನ ಉಡದಾರ. ಲಿಂಗವಂತರ ಮನೆಗೆ ಕರಡಿಗೆ. ಹರಕೆ ಹೊತ್ತವರಿಗೆ ದೇವರ ಕಣ್ಣು, ದೇವರ ಮೀಸೆ, ಮಕ್ಕಳಾದವರಿಗೆ ಅಂಗೈಯಗಲದ ತೊಟ್ಟಿಲು. ಮೊಹರಂ ಹತ್ತಿರ ಬಂದರೆ ಅಲಾಯಿ ದೇವರಿಗೆ ಒಪ್ಪಿಸಲು ಬೆಳ್ಳಿಯ ಕುದುರೆ. ಮುದಗಲ್ಲಿನ ಮೊಹರಂ ಎಂದರೆ ಸುತ್ತಲಿನ ಜಾತಿಗಳೆಲ್ಲ ಕೂಡುವ ಸಂತೆ, ಹರಕೆಯೂ ಹಾಗೆಯೇ ಎಲ್ಲ ಮನೆಗಳದು. ಮೌನೇಶ್ವರನನ್ನು ಕುಲಗುರು ಎನ್ನುವ ವಿಶ್ವಕರ್ಮ ಪತ್ತಾರ ಅಲಾಯಿ ಕುದುರೆಗೆ ಕಿವಿ ಕೂರಿಸುತ್ತಿದ್ದರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಗುಡಿಗೂ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಕುದುರೆ ಕತ್ತೆಯಂತೆ ಕಾಣುತ್ತದೆಂಬುದು ಮಾತ್ರ ಎಲ್ಲ ಜಾತಿಯವರ ಒಮ್ಮತದ ತಕರಾರು.

ಕೆಲಸ ಬರುವುದು ಬೆಳೆಯನ್ನು ನೋಡಿಕೊಂಡು. ತೊಗರಿ, ಹತ್ತಿ ಕೈಗೆ ಹತ್ತಿದರೆ ಪೈಜಣಕ್ಕೆ ಗೆಜ್ಜೆ ಜಾಸ್ತಿ. ಮಳೆ ಕೈಕೊಟ್ಟರೆ ಅದೇ ಪೈಜಣ ಒತ್ತೆಗೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು, ಆ ಬೇಡಿಕೆ ಪತ್ತಾರನದೂ ಹೌದು. ನೀರು ಹೊಲಕ್ಕೆ ಬಂದರೆ ಬೆಳ್ಳಿ ಕಾಲಿಗೆ ಬರುತ್ತದೆ.

ನಡುವೆ ಯಂತ್ರ ಬಂತು. ಕೊಲ್ಹಾಪುರ ಜಿಲ್ಲೆಯ ಹುಪರಿ ಊರಿಗೆ ಊರೇ ಬೆಳ್ಳಿಯ ಕೆಲಸದ್ದು. ಅತ್ತ ತಮಿಳುನಾಡಿನ ಸೇಲಂ. ಅಲ್ಲಿಂದ ಬಂದ ಕಾಲ್ಚೈನು ಸಿಂಧನೂರಿನ ಗಾಜಿನ ಅಂಗಡಿಯಲ್ಲಿ ದೀಪದ ಕೆಳಗೆ ಮಲಗಿರುತ್ತದೆ. ಕಾಯುವ ಕೆಲಸವಿಲ್ಲ, ಆರಿಸಿ ಹಾಕಿಕೊಂಡು ಹೋದರಾಯಿತು. ಇನ್ನು ಸಂತೆಯ ಜರ್ಮನ್ ಸಿಲ್ವರ್. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಹೆಸರಿನಲ್ಲಿ ಬಿಟ್ಟರೆ ಒಳಗೆಲ್ಲೂ ಬೆಳ್ಳಿಯಿಲ್ಲ. ಅದನ್ನು ತಂದು "ತಿಕ್ಕಿ ಹೊಳಿಸಿ ಕೊಡ್ರಿ" ಎನ್ನುವವರಿಗೆ ನಿಜ ಹೇಳಿದರೆ ಅನುಮಾನ ಬೀಳುವುದು ಮಾರಿದವನ ಮೇಲಲ್ಲ, ಹೇಳಿದವನ ಮೇಲೆ.

ಹೊಳಪಿನದು ಇನ್ನೊಂದು ಕಥೆ. ಗಾಳಿಯಲ್ಲಿನ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಊರಿನವರು ಕಪ್ಪಾದದ್ದನ್ನು ತಂದು ಅಂಟುವಾಳದ ನೊರೆಯಲ್ಲಿ ತೊಳೆಸಿ ಬೆಳ್ಳಗಾಗಿಸಿಕೊಂಡು ಹೋಗುತ್ತಾರೆ, ಕೊಡುವುದು ಹತ್ತೋ ಇಪ್ಪತ್ತೋ. ಬೆಂಗಳೂರಿನಲ್ಲಿ ಬೆಳ್ಳಗಿರುವುದನ್ನು ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪಾಗಿಸಿ, ಆಕ್ಸಿಡೈಸ್ಡ್ ಎಂದು ಹೆಸರಿಟ್ಟು, ಕೈಕೆಲಸವೆಂದು ಹೆಚ್ಚಿಗೆ ದುಡ್ಡು ಇಸಿದುಕೊಳ್ಳುತ್ತಾರೆ. ಅಲ್ಲಿ ಅದೇ ಸುತ್ತಿಗೆ ಹಿಡಿದವನು ಆರ್ಟಿಸ್ಟ್, ಇಲ್ಲಿ "ಏ ಪತ್ತಾರಾ". ಬೀದರಿನವರು ಈ ಕಪ್ಪು-ಬಿಳುಪಿನ ಗುಟ್ಟನ್ನು ಎಂದೋ ಕಂಡುಕೊಂಡರು. ಸತು-ತಾಮ್ರದ ಮೈಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಹಚ್ಚಿ ಮೈಯನ್ನಷ್ಟೇ ಕಪ್ಪಾಗಿಸಿದರು. ಆ ಬಿದರಿ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸುದ್ದಿ ಓದಿದ ಪತ್ತಾರನ ಮನೆಯವಳು ಕೇಳುವುದು ಒಂದೇ ಮಾತು: "ನಮ್ಮೂರ ಮಣ್ಣಾಗ ಅಂಥಾದ್ದೇನೂ ಇಲ್ಲೇನ್ರಿ?"

ಬೆಲೆ ಬೇರೆ ಹುಚ್ಚು ಹಿಡಿದಂತೆ ಏರಿದೆ. ಕಿಲೋ ಬೆಳ್ಳಿ ಲಕ್ಷ ದಾಟಿತು, 2025 ಮುಗಿಯುವಷ್ಟರಲ್ಲಿ ಎರಡು ಲಕ್ಷವನ್ನೂ ದಾಟಿತು. ಸೋಲಾರ್ ಹಲಗೆಗೂ ಬೆಳ್ಳಿ ಬೇಕಂತೆ. ಕಾಲಲ್ಲಿದ್ದದ್ದು ಮಾಳಿಗೆ ಏರಿತು. ಬೆಳ್ಳಿ ಏರಿದಂತೆ ಮಜೂರಿ ಏರಬೇಕೆಂಬ ನಿಯಮವೇನೂ ಇಲ್ಲ. "ಬೆಳ್ಳಿಗೇ ಇಷ್ಟು ಕೊಟ್ಟ ಮ್ಯಾಲೆ ನಿನಗೇನ್ ಕೊಡ್ಲಿ" ಎಂಬ ಮಾತಿನಲ್ಲಿ ತರ್ಕ ಎಲ್ಲಿದೆಯೆಂದು ಹುಡುಕುವುದನ್ನು ಪತ್ತಾರ ಬಿಟ್ಟಿದ್ದಾನೆ. ಅವನ ಕೈಯಲ್ಲಿ ಉಳಿದಿರುವ ಅಸ್ತ್ರ ಒಂದೇ, ನಾಳೆ. ಇವತ್ತು ಕೊಡುತ್ತೀನೆಂದದ್ದು ನಾಳೆ, ನಾಳೆಯದು ಅಮಾಸಿ ಆದ ಮೇಲೆ. ಮದುವೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಕಾಲುಂಗುರ ಕೈಗೆ ಬಂದರೆ ಅದು ಸಮಯಕ್ಕೆ ಸರಿಯಾಗಿ ಬಂದಂತೆ. ಅದಕ್ಕೇ ತಿಳಿದ ಮುದುಕಿಯರು ರೊಟ್ಟಿ ಕಟ್ಟಿಕೊಂಡು ಬಂದು ಎದುರಿಗೇ ಕೂರುವುದು.

ಸಂಜೆ ಪೈಜಣ ಮುಗಿದಿದೆ. ಹಿತ್ತಾಳೆ ತಂತಿಯ ಬ್ರಷ್ಷಿನಲ್ಲಿ ಉಜ್ಜಿಸಿಕೊಂಡು ನೀರು ಸೋರುತ್ತ ತಕ್ಕಡಿ ಏರಿದೆ. ಪೈಜಣ, ಉಳಿದ ತುಂಡು, ಚಿಮಟದಲ್ಲಿ ಹೆಕ್ಕಿದ ಚೂರು ಎಲ್ಲ ಸೇರಿ 226. ಬಂದದ್ದು 230.

"ನಾಕು ಎಲ್ಲಿ ಹೋತು?"

"ಹಳೇ ಬೆಸಿಗಿ ಇತ್ತು, ಕೊಳಿ ಇತ್ತು, ಸುಟ್ಟು ಹೋತವ್ವಾ. ಒಂದೀಟು ಅರದಾಗ ಹೋತು."

ಮುದುಕಿ ಚಾಪೆ ಎತ್ತಿಸುತ್ತಾಳೆ. ಮಡಿಲ ಬಟ್ಟೆ ಕೊಡವಿಸುತ್ತಾಳೆ. ಕುಂಪಟಿಯ ಬೂದಿಯನ್ನು ಕಡ್ಡಿಯಿಂದ ಕೆದಕಿಸುತ್ತಾಳೆ. ಎಲ್ಲ ಮುಗಿದ ಮೇಲೆ, ದಿನವಿಡೀ ಬಗ್ಗಿಯೇ ಕೂತಿದ್ದ ಆ ತಲೆಯನ್ನು ಮೊದಲ ಸಲ ಸರಿಯಾಗಿ ನೋಡುತ್ತಾಳೆ. ಅಪ್ಪನ ಕೂಡ ಹುಡುಗನಾಗಿ ಇಲ್ಲೇ ಊದುಗೊಳವೆ ಊದುತ್ತಿದ್ದವನು.

"ತಗೋ, ಸಿಕ್ತು," ಎನ್ನುತ್ತಾಳೆ. "ನಿನ್ನ ತಲ್ಯಾಗ ಕುಂತೈತಿ ನೋಡು, ನಾಕಲ್ಲ, ನಲವತ್ತು ಗ್ರಾಂ ಐತಿ."

ಪತ್ತಾರ ತಲೆ ಸವರಿಕೊಳ್ಳುತ್ತಾನೆ. ಮುದುಕಿ ಪೈಜಣವನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ಮಜೂರಿಯ ದುಡ್ಡನ್ನು ಎರಡು ಸಲ ಎಣಿಸಿ, ಐವತ್ತು ರೂಪಾಯಿ ಕಡಿಮೆ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾಳೆ.