ಸ್ಕ್ಯಾನ್ ಆಯ್ತು, ಎಲ್ಲಿಗೆ ಹೋಯ್ತು?

ಅಲ್ಲಾ ಸ್ವಾಮಿ, ಕಾಗದ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬಿದ್ದದ್ದನ್ನು ಕಣ್ಣಾರೆ ಕಂಡಿರಿ, "ಸ್ಕ್ಯಾನ್ ಆಯ್ತು" ಅಂತ ಇಡೀ ಸೆಕ್ಷನ್ನಿಗೆ ಸಾರಿಯೂ ಬಿಟ್ಟಿರಿ. ಎಲ್ಲಿಗೆ ಹೋಯ್ತು ಅಂದರೆ ಮಾತ್ರ ಚಾವಣಿ ಕಡೆ ಬೆರಳು ತೋರಿಸಿ "ಸರ್ವರ್‌ಗೆ" ಅಂತೀರಿ! ಮೇಲಿರೋದು ಫ್ಯಾನು. ಸರ್ವರ್ ಇರೋದು ಬಾತ್‌ರೂಮ್ ಪಕ್ಕದ ಕೋಣೆಯಲ್ಲಿ. ಇಡೀ ಆಫೀಸಿನಲ್ಲಿ ರಾತ್ರಿಯೂ ಎ.ಸಿ. ಭಾಗ್ಯ ಇರೋದು ಅದಕ್ಕೊಂದಕ್ಕೇ.

ಗುಂಡಿ ಒತ್ತಿದಿರೋ, ಸ್ಕ್ಯಾನರ್ ಜವಾನನ ಹಾಗೆ ಕಡತ ಹೊತ್ತು ಹೊರಡುತ್ತೆ. ಸರ್ವರಿನ 445ನೇ ಪೋರ್ಟಿನ ಬಾಗಿಲು ತಟ್ಟಿ, ಯೂಸರ್‌ನೇಮ್, ಪಾಸ್‌ವರ್ಡ್ ಒಪ್ಪಿಸಿ, ಶೇರ್ಡ್ ಫೋಲ್ಡರಿನಲ್ಲಿ ಪಿಡಿಎಫ್ ಇಟ್ಟು ಬರುತ್ತೆ. ಆ ಪಾಸ್‌ವರ್ಡಾದರೂ ಯಾರದು? ಮೆಷಿನ್ ಕೂರಿಸಲು ಬಂದ ಹುಡುಗ ಅವತ್ತು ಎದುರಿಗೆ ಸಿಕ್ಕ ಅಕೌಂಟ್ಸ್ ಮೇಡಂದೇ ಕೇಳಿ ತುಂಬಿಸಿ ಹೋಗಿರುತ್ತಾನೆ. ಮೂರು ತಿಂಗಳಿಗೊಮ್ಮೆ ಬದಲಿಸಿ ಅಂತ ಸಿಸ್ಟಮ್ ಪೀಡಿಸಿದ್ದಕ್ಕೆ ಮೇಡಂ ಬದಲಿಸುತ್ತಾರೆ. ಸ್ಕ್ಯಾನರಿಗೆ ಹೇಳುವವರು ಯಾರು? ಪಾಪ, ಅದು ಹಳೇ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಒಪ್ಪಿಸಿ ಬೈಸಿಕೊಂಡು, ಕೊನೆಗೆ ಮೇಡಂ ಅವರ ಅಕೌಂಟೇ ಲಾಕ್ ಆಗುವ ಹಾಗೆ ಮಾಡುತ್ತೆ. "ಸ್ಕ್ಯಾನರ್ ಕೆಟ್ಟಿದೆ" ಅಂತ ದೂರು ಹೋಗುತ್ತೆ. ಸರ್ವಿಸ್‌ನವನು ಬಂದು ಗಾಜು ಒರೆಸಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ!

2017ರಲ್ಲಿ ಇನ್ನೂ ಮಜಾ. ಎಸ್‌ಎಂಬಿ1 ಅನ್ನೋ, ಹೀಗೆ ಕಡತ ಸಾಗಿಸೋ ಓಬೀರಾಯನ ಕಾಲದ ಪದ್ಧತಿಯ ಸಂದಿಯಲ್ಲಿ ನುಗ್ಗಿ ವಾನ್ನಾಕ್ರೈ ವೈರಸ್ಸು ಮೇ ತಿಂಗಳಲ್ಲಿ ಲೋಕವನ್ನೆಲ್ಲ ಗೋಳುಹೊಯ್ದುಕೊಂಡಿತು. ಆ ವರ್ಷದ ಕೊನೆಯಲ್ಲೇ ಬಂದ ವಿಂಡೋಸ್ 10ರ ಹೊಸ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಆ ಪದ್ಧತಿಗೆ ಕೊಕ್ ಕೊಟ್ಟಿತು. ಹಳೇ ಸ್ಕ್ಯಾನರುಗಳಿಗೋ, ಬರುತ್ತಿದ್ದದ್ದು ಅದೊಂದೇ. ಎಷ್ಟೋ ಆಫೀಸುಗಳು ಮಾಡಿದ್ದೇನು ಗೊತ್ತೇ? ಎಸ್‌ಎಂಬಿ1 ಅನ್ನು ವಾಪಸ್ ಆನ್ ಮಾಡಿಕೊಂಡು ನೆಮ್ಮದಿಯಾಗಿ ಕೂತವು.

ಇನ್ನು ನಿಮ್ಮ ಧಾರಾಳತನ. 300 ಡಿಪಿಐ ಕಲರಿನಲ್ಲಿ ಒಂದು ಎ4 ಹಾಳೆ ಅಂದರೆ, ಕುಗ್ಗಿಸುವ ಮುಂಚೆ ಸುಮಾರು 26 ಎಂಬಿ. ಬರೀ ಕಪ್ಪು-ಬಿಳುಪಾದರೆ ಒಂದು ಎಂಬಿ ಆಸುಪಾಸು. ನೀವು ಕಾಫಿ-ತಿಂಡಿ ಬಿಲ್ಲಿಗೆ 600 ಹಾಕ್ತೀರಿ, ಅದೂ ಕಲರು! ಉದ್ದಿನವಡೆಯ ಎಣ್ಣೆ ಕಲೆಗೂ ಅಮರತ್ವ.

ಸರ್ವರಿಗೆ ಹೋದದ್ದು ಸಾಲದು ಅಂತ ಕೆಲವು ಮೆಷಿನ್ನುಗಳು ತಮ್ಮ ಹೊಟ್ಟೆಯ ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಉಳಿಸಿಕೊಳ್ಳುತ್ತವೆ. 2010ರಲ್ಲಿ ಅಮೆರಿಕದ ಸಿಬಿಎಸ್ ಟೀವಿಯವರು ಸೆಕೆಂಡ್‌ಹ್ಯಾಂಡ್ ಕಾಪಿಯರ್‌ಗಳನ್ನು ಕೊಂಡು ಬಿಚ್ಚಿ ನೋಡಿದರೆ, ಒಳಗೆ ಬಫಲೋ ಪೊಲೀಸರ ಕಡತ, ಅಫಿನಿಟಿ ಅನ್ನೋ ಆರೋಗ್ಯ ವಿಮೆ ಸಂಸ್ಥೆಯ ರೋಗಿಗಳ ವಿವರ! ಅಫಿನಿಟಿಯವರು 2013ರಲ್ಲಿ 12 ಲಕ್ಷ ಡಾಲರಿಗೂ ಮೀರಿದ ದಂಡ ತೆತ್ತರು.

ನಮ್ಮ ಫೋಲ್ಡರ್ ಬಿಚ್ಚೋಕೆ ಸ್ಕ್ರೂಡ್ರೈವರೂ ಬೇಡ. ಯಾರು ಬೇಕಾದರೂ ನೋಡಬಹುದು ಅಂತ ಪರ್ಮಿಷನ್ ಕೊಟ್ಟು ಇಟ್ಟಿದ್ದಾರೆ ಪುಣ್ಯಾತ್ಮರು. ಹೆಸರೆಲ್ಲ ಸ್ಕ್ಯಾನ್0046, ಸ್ಕ್ಯಾನ್0047. ಬೇಕಾದದ್ದು ಹುಡುಕಬೇಕಾದರೆ ಬೇಡವಾದ ಇಪ್ಪತ್ತು ತೆಗೆಯಲೇಬೇಕು. ಒಂದರಲ್ಲಿ ಟೆಂಡರ್, ಇನ್ನೊಂದರಲ್ಲಿ ಯಾರದೋ ಮಗನ ಟಿ.ಸಿ., ಮತ್ತೊಂದರಲ್ಲಿ ಜಾತಕ. ಮ್ಯಾನೇಜರ್ ಸಾಹೇಬರ ಇನ್‌ಕ್ರಿಮೆಂಟ್ ಲೆಟರ್ ಕ್ಯಾಂಟೀನಿನವನಿಗೂ ಬಾಯಿಪಾಠ.

ಅಂದಹಾಗೆ, ಮೊನ್ನೆ ಬಾಡಿಗೆ ಮನೆ ಕರಾರುಪತ್ರ ಸ್ಕ್ಯಾನ್ ಮಾಡಿದವರು ನೀವೇ ಅಲ್ವಾ? ಅಡ್ವಾನ್ಸು ಸ್ವಲ್ಪ ಜಾಸ್ತಿಯಾಯ್ತು ಕಣ್ರೀ.