ಶ್ವಾನಪಾಲಕ ರೋಗನಿದಾನ: ಒಂದು ಕಿರು ಮಹಾಪ್ರಬಂಧ

ವಾತ, ಪಿತ್ತ, ಕಫ ಎಂದು ಮೂರೇ ದೋಷ ಎಣಿಸಿ ನಮ್ಮ ಪ್ರಾಚೀನ ವೈದ್ಯರು ಕೈತೊಳೆದುಕೊಂಡರು. ಅವರ ಮನೆಗಳಲ್ಲಿ ಲ್ಯಾಬ್ರಡಾರ್ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ. ಬಿಟ್ಟುಹೋದ ನಾಲ್ಕನೆಯದಾದ ಶ್ವಾನದೋಷವನ್ನು ಶಾಸ್ತ್ರಕ್ಕೆ ಸೇರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಈ ದೋಷ ಕೆರಳುವುದು ನಾಯಿಯಲ್ಲಿ, ಲಕ್ಷಣ ಕಾಣಿಸುವುದು ಸಾಕಿದವರಲ್ಲಿ.

ನಾಯಿಯ ಅಪಾಯವೆಲ್ಲ ಅದರ ಹಲ್ಲಿನಲ್ಲಿದೆ ಎಂಬುದು ಪೂರ್ವಪಕ್ಷ. ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಶಾಸನ ತೂಗುಹಾಕುವ ಪದ್ಧತಿ ಹುಟ್ಟಿದ್ದು ಈ ನಂಬಿಕೆಯಿಂದಲೇ. ಆದರೆ ಆ ಫಲಕ ಬೀದಿಯ ಕಡೆಗೆ ಮುಖ ಮಾಡಿರುತ್ತದೆ. ಅಂಚೆಯವನು ದಿನಕ್ಕೊಮ್ಮೆ ಬಂದುಹೋಗುವವನು. ಇಪ್ಪತ್ನಾಲ್ಕು ಗಂಟೆಯೂ ಒಳಗೇ ಇರುವವರಿಗೆ ಎಚ್ಚರಿಕೆ ಹೇಳುವ ಫಲಕ ಪ್ರಬಂಧಕಾರರಿಗೆ ಎಲ್ಲಿಯೂ ಸಿಗಲಿಲ್ಲ.

ಪ್ರಕರಣ 1: ಎಳೆತ

ಮೈಸೂರಿನ ಕುವೆಂಪುನಗರದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಇಲ್ಲಿ ನಿದರ್ಶನ. ಬೆಳಿಗ್ಗೆ ಆರು ಗಂಟೆ. ಎಡಗೈಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟು, ಬಲಗೈಗೆ ಎರಡು ಸುತ್ತು ಸುತ್ತಿಕೊಂಡ ಚೈನು, ಚೈನಿನ ಆ ತುದಿಯಲ್ಲಿ ಮೂವತ್ತು ಕೆಜಿ ತೂಕದ ಸಾಧುಪ್ರಾಣಿ. ಎದುರು ಮನೆಯ ಕಾಂಪೌಂಡಿನಿಂದ ಬೆಕ್ಕೊಂದು ಕೆಳಗೆ ಹಾರಿತು. ಮುಂದಿನ ಎರಡು ಸೆಕೆಂಡಿನಲ್ಲಿ ಪ್ಯಾಕೆಟ್ಟು ಒಡೆಯಿತು, ಉಂಗುರದ ಬೆರಳು ಮುರಿಯಿತು. ನಾಯಿ ವಾಪಸ್ಸು ಬಂದು ಹಾಲನ್ನು ನೆಕ್ಕಿತು. ಬೆರಳಿನ ಬಗ್ಗೆ ಅಭಿಪ್ರಾಯ ಹೇಳಲಿಲ್ಲ.

“ಏನ್ ಮೇಷ್ಟ್ರೇ, ಕಚ್ಚಿಬಿಡ್ತಾ?” ಎಂದರು ಪಕ್ಕದ ಮನೆಯವರು.

“ಇಲ್ಲ ಕಣಪ್ಪ, ಕಚ್ಚೋ ಪೈಕಿ ಅಲ್ಲ ನಮ್ದು. ಬೆಕ್ಕು ನೋಡ್ತು, ಅಷ್ಟೇ.”

ಮೇಷ್ಟರ ಬೆರಳು ಅಂತರರಾಷ್ಟ್ರೀಯ ಮಟ್ಟದ್ದೆಂಬುದು ಆಮೇಲೆ ತಿಳಿಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಆ ದೇಶದ ತುರ್ತು ಚಿಕಿತ್ಸೆಯ ದಾಖಲೆಗಳನ್ನು ಜಾಲಾಡಿ, 2001ರಿಂದ 2020ರವರೆಗೆ ಸುಮಾರು 4 ಲಕ್ಷ 22 ಸಾವಿರ ವಯಸ್ಕರು ನಾಯಿಯನ್ನು ವಾಕಿಂಗಿಗೆ ಕರೆದೊಯ್ದು ಗಾಯ ಮಾಡಿಕೊಂಡರೆಂದು ಅಂದಾಜಿಸಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಗಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಬೆರಳಿನ ಮೂಳೆ ಮುರಿತಕ್ಕೆ. ತಲೆಗೆ ಬಿದ್ದ ಪೆಟ್ಟು ಮತ್ತು ಭುಜದ ಉಳುಕು ನಂತರದವು. ಹಲ್ಲಿನ ಪ್ರಸ್ತಾಪವೇ ಇಲ್ಲ.

ಮಹಾಭಾರತವೂ ಈ ಸಿದ್ಧಾಂತಕ್ಕೆ ಸಾಕ್ಷಿ. ಮಹಾಪ್ರಸ್ಥಾನದ ದಾರಿಯಲ್ಲಿ ದ್ರೌಪದಿ ಬಿದ್ದಳು, ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರು. ಕೊನೆಯವರೆಗೆ ನಾಯಿಯ ಜೊತೆ ನಡೆದ ಧರ್ಮರಾಯ ಮಾತ್ರ ಬೀಳಲಿಲ್ಲ. ಅವನ ಧರ್ಮವೇ ಕಾರಣವೆಂದು ಪಂಡಿತರು ಹೇಳುತ್ತಾರೆ. ಆ ನಾಯಿಗೆ ಚೈನು ಇರಲಿಲ್ಲವೆಂಬ ಕಣ್ಣಿಗೆ ರಾಚುವ ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ.

ಪ್ರಕರಣ 2: ನೆಕ್ಕು

ಸಾಕಿದವರ ಪ್ರಕಾರ ನೆಕ್ಕುವುದರಲ್ಲಿ ಒಂದೇ ಬಗೆ, ಅದು ಪ್ರೀತಿ. ವಿಶ್ವ ಆರೋಗ್ಯ ಸಂಸ್ಥೆ ಇಷ್ಟು ಭಾವುಕವಲ್ಲ. ರೇಬೀಸ್ ಶಂಕೆ ಇರುವ ಪ್ರಾಣಿ ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಮೊದಲನೆಯ ವರ್ಗ, ತೊಳೆದರೆ ಸಾಕು. ರಕ್ತ ಬಾರದಂತೆ ಪರಚಿದರೆ ಎರಡನೆಯದು, ಲಸಿಕೆ ಬೇಕು. ಗಾಯವನ್ನು ನೆಕ್ಕಿದರೆ, ಜೊಲ್ಲು ಕಣ್ಣು ಬಾಯಿಗೆ ತಾಗಿದರೆ, ಅದು ರಕ್ತ ಬರುವಂತೆ ಕಚ್ಚಿಸಿಕೊಂಡಷ್ಟೇ ಗಂಭೀರವಾದ ಮೂರನೆಯ ವರ್ಗ. ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ನೆಕ್ಕಿನ ಬಗ್ಗೆ ಇಷ್ಟು ಸೂಕ್ಷ್ಮವಾದ ಮೀಮಾಂಸೆ ಯಾವ ಅಲಂಕಾರಶಾಸ್ತ್ರದಲ್ಲೂ ಇಲ್ಲ.

ಇಲ್ಲಿ ಪ್ರಬಂಧಕಾರರು ಪೇಟ ತೆಗೆದು ಪಕ್ಕಕ್ಕಿಡುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕಿದವರು ಇಲ್ಲವೆಂದೇ ಹೇಳಬೇಕು. ಲಕ್ಷಣಕ್ಕೆ ಮೊದಲೇ ಲಸಿಕೆ ಸಿಕ್ಕರೆ ಸಾಯಬೇಕಾಗಿಲ್ಲ. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಅದನ್ನು ಕೊಡಿಸಿದ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅದಕ್ಕೆಂದೇ ಪಾಶ್ಚರ್ ಸಂಸ್ಥೆ ಎದ್ದಿತು. ಆದರೂ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತುವ ಸಂಪ್ರದಾಯ ಅಳಿದಿಲ್ಲ. ಮೆತ್ತಬಾರದು. ಹರಿಯುವ ನೀರು, ಸೋಪು, 15 ನಿಮಿಷ, ಆಮೇಲೆ ನೇರ ಆಸ್ಪತ್ರೆ. ಹದಿನೈದು ನಿಮಿಷವೆಂದರೆ ಅನ್ನದ ಕುಕ್ಕರು ಮೂರು ಸಲ ಕೂಗಿ ತಣ್ಣಗಾಗುವಷ್ಟು ಹೊತ್ತು. ‘ತೊಳೆದೆ’ ಎನ್ನುವವರು ತೊಳೆದಿರುವುದು ಸಾಮಾನ್ಯವಾಗಿ ಹಾಲು ಉಕ್ಕುವಷ್ಟು ಹೊತ್ತು.

ಪ್ರಕರಣ 3: ಹುಳುಹುಪ್ಪಟೆ

ಇಲ್ಲಿ ಮುಖ್ಯ ಸಮಸ್ಯೆ ನಾಮಕರಣದ್ದು. ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ; ಅದೊಂದು ಶಿಲೀಂಧ್ರ. ನಾಯಿಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡವರ ತೋಳಿನ ಮೇಲೆ ದುಂಡಗೆ ಮೂಡುತ್ತದೆ. ಇಲಿಜ್ವರದ ಅಪಕೀರ್ತಿ ಪೂರ್ತಿ ಇಲಿಯ ತಲೆಗೆ ಬಂದಿದೆ, ಸೋಂಕು ತಗುಲಿದ ನಾಯಿಯ ಮೂತ್ರದಿಂದಲೂ ಅದು ಹರಡುತ್ತದೆಂಬುದು ಹೆಸರಿನಿಂದ ತಿಳಿಯುವುದಿಲ್ಲ. ನಿಜವಾದ ಹುಳುಗಳಾದ ಕೊಕ್ಕೆಹುಳುವಿನ ಮರಿಗಳೋ ನಾಯಿ ಹೇತ ಮಣ್ಣಿನಲ್ಲಿ ಅನಾಮಧೇಯರಾಗಿ ಕಾದಿದ್ದು, ಬರಿಗಾಲಿನ ಚರ್ಮದ ಮೂಲಕವೇ ಒಳಹೊಗುತ್ತವೆ. ನಾಯಿಗೆ ಕಾಲಕಾಲಕ್ಕೆ ಜಂತುಹುಳದ ಔಷಧಿ, ಯಜಮಾನರಿಗೆ ಚಪ್ಪಲಿ: ಚಿಕಿತ್ಸೆ ಇಷ್ಟೇ.

ಉಣ್ಣೆ ಹೆಕ್ಕುವುದು ಭಾನುವಾರ ಮಧ್ಯಾಹ್ನದ ಕರ್ಮ. ಕಿವಿಯ ಹಿಂದಿನಿಂದ ಕಿತ್ತು, ಎರಡು ಹೆಬ್ಬೆರಳಿನ ಉಗುರಿನ ನಡುವೆ ಇಟ್ಟು ‘ಟಪ್’ ಎನ್ನಿಸುವುದರಲ್ಲಿ ಒಂದು ರಸಾನುಭವವಿದೆಯೆಂದು ಅನುಭವಿಗಳು ಹೇಳುತ್ತಾರೆ. ಅದರ ಹೊಟ್ಟೆಯ ರಸದಲ್ಲಿ ರೋಗಾಣುವೂ ಇರಬಹುದಾದ್ದರಿಂದ ಚಿಮಟ ಹಿಡಿದು, ಚರ್ಮದ ಹತ್ತಿರದಿಂದ ನೇರವಾಗಿ ಎಳೆಯುವ ನೀರಸ ಮಾರ್ಗವೇ ಲೇಸು.

ಫಲಶ್ರುತಿ

ಇಷ್ಟೆಲ್ಲ ಇದ್ದೂ ಜನ ನಾಯಿ ಸಾಕುವುದೇಕೆ? ಸ್ವೀಡನ್ನಿನ ಸಂಶೋಧಕರು 34 ಲಕ್ಷ ಜನರ ದಾಖಲೆಗಳನ್ನು 12 ವರ್ಷಗಳ ಅವಧಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿರುವವರ ಪೈಕಿ ನಾಯಿ ಸಾಕಿದವರಿಗೆ ಸಾವಿನ ಅಪಾಯ ಶೇ 33ರಷ್ಟು ಕಡಿಮೆಯೆಂದು ಕಂಡಿತು. ನಾಯಿಯಿಂದ ಆರೋಗ್ಯವೋ, ಆರೋಗ್ಯವಿದ್ದವರೇ ನಾಯಿ ತರುತ್ತಾರೋ ಎಂಬ ಬೀಜವೃಕ್ಷನ್ಯಾಯ ಇನ್ನೂ ಬಗೆಹರಿದಿಲ್ಲ.

ಮೇಷ್ಟರು ಆ ಚರ್ಚೆಗೆ ಕಾಯಲಿಲ್ಲ. ಬಲಗೈಗೆ ಪಟ್ಟಿ ಬಿದ್ದ ಮಾರನೆಯ ದಿನವೇ ಎಡಗೈಯಲ್ಲಿ ಚೈನು ಹಿಡಿದು ಆರು ಗಂಟೆಗೆ ಹೊರಟರು, ಈ ಸಲ ಒಂದೇ ಸುತ್ತು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಮನೆಯಾಕೆ ಗೇಟಿನ ಫಲಕ ಬಿಚ್ಚಿ, ಅಕ್ಷರಗಳು ಒಳಗಿನವರಿಗೆ ಕಾಣುವಂತೆ ತಿರುಗಿಸಿ ಕಟ್ಟಿದರು.