ಕುಕ್ಕುಟ ಗ್ರೀಷ್ಮ ಮೀಮಾಂಸೆ: ಹಿತ್ತಿಲ ಕೋಳಿಗೆ ಬೇಸಿಗೆ ದಾಟಿಸುವ ಶಾಸ್ತ್ರ

ಮೀಮಾಂಸಕರ ಕ್ರಮದಲ್ಲಿ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಕೋಳಿಗೆ ಕಾಲು ಎರಡು, ರೆಕ್ಕೆ ಎರಡು, ಜುಟ್ಟು ಒಂದು, ಕೂಡಿದರೆ ಐದು. ಹೀಗಾಗಿ ಪ್ರಕೃತ ವಿಚಾರಕ್ಕೆ ಈ ಕ್ರಮವೇ ಸಹಜವೆಂಬುದು ನಿರ್ವಿವಾದ. ಕೊಕ್ಕನ್ನು ಲೆಕ್ಕಕ್ಕೆ ಹಿಡಿದಿಲ್ಲವೇಕೆ ಎಂದು ಕೇಳುವವರು ಕೊನೆಯವರೆಗೆ ತಾಳ್ಮೆಯಿಂದಿರಬೇಕು.

ವಿಷಯ: ರಾಯಚೂರು ಸೀಮೆಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಕೋಳಿಯ ಮೈಬಿಸಿ 41 ಡಿಗ್ರಿಯ ಆಸುಪಾಸು. ಅಂದರೆ ಅಂಥ ಮಧ್ಯಾಹ್ನ ಕೋಳಿಗಿಂತ ಊರೇ ಬಿಸಿ. ಮೈಯ ಕಾವನ್ನು ಗಾಳಿಗೆ ಬಿಟ್ಟುಕೊಡೋಣವೆಂದರೆ ಗಾಳಿಯೇ ತನ್ನ ಕಾವನ್ನು ಕೋಳಿಗೆ ದಾಟಿಸಲು ಹೊಂಚುತ್ತಿರುತ್ತದೆ. ಬೆವರೋಣವೆಂದರೆ ಬೆವರುಗ್ರಂಥಿಗಳೇ ಇಲ್ಲ. ಉಳಿದ ದಾರಿ ಒಂದೇ: ಕೊಕ್ಕು ತೆರೆದು ಏದುಸಿರು ಬಿಡುತ್ತ, ಉಸಿರಿನ ದಾರಿಯ ತೇವವನ್ನು ಆವಿಯಾಗಿಸಿ ತಂಪಾಗುವುದು. ಜತೆಗೆ ಅದು ರೆಕ್ಕೆಗಳನ್ನು ಮೈಯಿಂದ ಬಿಡಿಸಿ ಇಳಿಬಿಟ್ಟು ನಿಲ್ಲುತ್ತದೆ. ‘ಕೋಳಿ ಜಗಳಕ್ಕೆ ನಿಂತಿದೆ’ ಎಂದು ಕೆಲವು ವ್ಯಾಖ್ಯಾನಕಾರರು ಈ ಭಂಗಿಯನ್ನು ಅರ್ಥೈಸಿದ್ದುಂಟು. ಅದು ಅಪವ್ಯಾಖ್ಯಾನ. ಆ ಹೊತ್ತಿನಲ್ಲಿ ಜಗಳಕ್ಕೆ ಬೇಕಾದ ಹುರುಪು ಹುಂಜಕ್ಕೂ ಇರುವುದಿಲ್ಲ.

ಸಂಶಯ: ಇಂಥ ಕೋಳಿಗೆ ಮನುಷ್ಯರಿಂದ ಉಪಕಾರ ಸಾಧ್ಯವೇ? ಸಾಧ್ಯವಾದರೆ ಅದು ಕೋಳಿಗಾದ ಉಪಕಾರವೋ, ಮಾಡಿದವರಿಗಾದ ಸಮಾಧಾನವೋ?

ಪೂರ್ವಪಕ್ಷ: ಈ ವಿಷಯದಲ್ಲಿ ಮೂರು ಮತಗಳು ಪ್ರಬಲವಾಗಿವೆ.

ಮೊದಲನೆಯವರು ಅನ್ನವಾದಿಗಳು. ‘ಪಾಪ, ಎಷ್ಟು ಸೊರಗಿದೆ’ ಎಂದು ಉರಿಬಿಸಿಲಿನಲ್ಲಿ ಬೊಗಸೆ ಜೋಳ ಚೆಲ್ಲುವವರು. ಮನೆಗೆ ಬಂದವರು ಬೇಡವೆಂದಷ್ಟೂ ಬಡಿಸಬೇಕೆಂಬ ಪರಂಪರೆ ಇವರದು. ಆದರೆ ತಿಂದದ್ದನ್ನು ಅರಗಿಸುವುದಕ್ಕೂ ಒಳಗೆ ಶಾಖ ಹುಟ್ಟುತ್ತದೆ. ಅದು ಏರುವುದು ತಿಂದು ಕೆಲವು ಗಂಟೆ ಕಳೆದ ಮೇಲೆ. ಹತ್ತು ಗಂಟೆಗೆ ತೋರಿದ ಕರುಣೆ ಎರಡು ಗಂಟೆಗೆ ಹೊಟ್ಟೆಯೊಳಗೆ ಒಲೆ ಹೂಡುತ್ತದೆ.

ಎರಡನೆಯವರು ಸ್ನಾನವಾದಿಗಳು. ಇವರ ಆಯುಧ ಬಕೆಟ್. ಎರಚಿದ ನೀರು ಗರಿಯ ಮೇಲೆ ಜಾರಿಹೋಗುತ್ತದೆ, ಕೋಳಿ ಬೆದರಿ ಬಿಸಿಲಿಗೆ ಓಡುತ್ತದೆ, ಹಿಂದೆ ಬಕೆಟ್ಟೂ ಓಡುತ್ತದೆ. ಕೊನೆಗೆ ಒದ್ದೆಯಾಗುವುದು ಉಪಕಾರಿಯ ಪಂಚೆ, ಬಿಸಿಯಾಗುವುದು ಕೋಳಿ.

ಮೂರನೆಯವರು ಗೃಹವಾದಿಗಳು. ‘ಬಿಸಿಲಿಗೆ ಬಿಡಬೇಡಿ, ಗೂಡಿಗೆ ಕೂಡಿ’ ಎಂಬುದು ಇವರ ಮಹಾವಾಕ್ಯ. ಗೂಡು ತಗಡಿನದು, ಕಿಟಕಿ ಇಲ್ಲದ್ದು. ಅಲ್ಲಿ ಕೋಳಿಗೆ ಬಿಸಿಲು ತಟ್ಟದೆಂಬುದು ನಿಜ. ಹೆಂಚಿನ ಮೇಲಿನ ರೊಟ್ಟಿಗೂ ತಟ್ಟುವುದಿಲ್ಲ.

ಸಿದ್ಧಾಂತ: ಮೂರೂ ಮತಗಳ ಮೂಲದೋಷ ಅತಿವ್ಯಾಪ್ತಿ, ತಮಗೆ ಹಿತವಾದದ್ದು ಕೋಳಿಗೂ ಹಿತವೆಂಬ ಭ್ರಮೆ. ಇಲ್ಲಿ ಪ್ರತ್ಯಕ್ಷವೇ ಪ್ರಮಾಣ. ಮಧ್ಯಾಹ್ನ ಕೋಳಿ ಎಲ್ಲಿರುತ್ತದೆಂದು ಹೋಗಿ ನೋಡಬೇಕು. ಬಚ್ಚಲ ನೀರು ಹರಿದು ನೆಲ ತಣ್ಣಗಿರುವ ಮೂಲೆಯಲ್ಲಿ, ನುಗ್ಗೆಮರದ ಬುಡಕ್ಕೆ, ಕಾಲಿನಿಂದ ಕೆದರಿ ತನ್ನ ಮೈಯಳತೆಯ ಗುಂಡಿ ಮಾಡಿಕೊಂಡು, ಒಂದು ರೆಕ್ಕೆ ಚಾಚಿ, ಹೊಟ್ಟೆಯನ್ನು ಮಣ್ಣಿಗೆ ಒತ್ತಿ, ಅರೆಗಣ್ಣು ಮುಚ್ಚಿ ಮಲಗಿರುತ್ತದೆ. ಶಾಸ್ತ್ರವೆಲ್ಲ ಆ ಗುಂಡಿಯಲ್ಲಿದೆ. ಭಾಷ್ಯಕಾರನ ಕೆಲಸ ಅದನ್ನು ಕೆಡಿಸದಿರುವುದು.

ಅದರಿಂದ ಹೊರಡುವ ವಿಧಿಗಳು: ನೆರಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅಗಲ ಬಾಯಿಯ ಮಣ್ಣಿನ ಪಾತ್ರೆಗಳಲ್ಲಿ ನೀರಿಡತಕ್ಕದ್ದು, ಬಿಸಿಯಾದಂತೆ ಬದಲಿಸತಕ್ಕದ್ದು, ಸೆಕೆಯಲ್ಲಿ ಕೋಳಿ ಎಂದಿನ ಎರಡರಷ್ಟು ಕುಡಿದರೂ ಅಚ್ಚರಿಪಡತಕ್ಕದ್ದಲ್ಲ. ಕಾಳು ನಸುಕಿನಲ್ಲಿ ಮತ್ತು ಸಂಜೆ ತಂಪಿನಲ್ಲಿ ಮಾತ್ರ. ತಗಡಿಗೆ ಸುಣ್ಣ ಬಳಿದು ಮೇಲೆ ತೆಂಗಿನ ಗರಿಯೋ ಹುಲ್ಲೋ ಹೊದಿಸಿ, ಗೋಡೆಗೆ ಜಾಲರಿ ಹಾಕಿಸತಕ್ಕದ್ದು. ಗಾಳಿ ಬರುವ ಕಡೆ ಒದ್ದೆ ಗೋಣಿಚೀಲ ಇಳಿಬಿಡುವುದು ರಾಯಚೂರಿನ ಒಣಹವೆಗೆ ವಿಹಿತ. ಮಂಗಳೂರಿನಲ್ಲಿ ಗಾಳಿಯೇ ಒದ್ದೆಯಾದ್ದರಿಂದ ಅಲ್ಲಿ ಅದು ಪುನರುಕ್ತಿದೋಷ. ಕೋಳಿ ತೂರಾಡಿ ಬಿದ್ದರೆ ಮಾತ್ರ ಆಪದ್ಧರ್ಮವಾಗಿ ಸ್ನಾನಕ್ಕೆ ಅನುಮತಿಯುಂಟು: ನೆರಳಿಗೆ ಒಯ್ದು, ತಲೆ ಮೇಲಿರುವಂತೆ ಹಿಡಿದು, ಮೈಯನ್ನು ತಣ್ಣೀರಿನಲ್ಲಿ ಅದ್ದುವುದು. ಮಂಜುಗಡ್ಡೆ ನೀರು ನಿಷಿದ್ಧ.

ಪ್ರತ್ಯಕ್ಷಕ್ಕೆ ಬಿಡುವಿಲ್ಲದವರಿಗೆ ಅನುಮಾನಪ್ರಮಾಣವಿದೆ. ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಅರಿಯುತ್ತಾರೆ, ನಾವು ಮೊಟ್ಟೆಯಿಂದ ಸೆಕೆಯನ್ನು ಅರಿಯಬಹುದು. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತದ ಕ್ಷಾರಗುಣ ಏರುತ್ತದೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಲು ಸಾಮಗ್ರಿ ಸಾಲದಾಗುತ್ತದೆ. ಮೊಟ್ಟೆ ಕೈಯಲ್ಲೇ ಬಿರಿದರೆ ಕೋಳಿಯನ್ನು ಬೈಯುವ ಮೊದಲು ಗೂಡಿನೊಳಗೆ ತಲೆ ಹಾಕಿ ನೋಡುವುದು ಯಜಮಾನರಿಗೆ ವಿಹಿತ.

ಸಂಗತಿ: ಇತರ ಶಾಸ್ತ್ರಗಳೊಂದಿಗೆ ಇದಕ್ಕಿರುವ ಸಂಬಂಧವನ್ನೂ ಹೇಳಬೇಕು. ವಂಶವಾಹಿಶಾಸ್ತ್ರದ ಪ್ರಕಾರ ಬೋಳುಕತ್ತಿನ ತಳಿಗೆ ಒಂದೇ ಜೀನಿನ ಕೃಪೆಯಿಂದ ಗರಿ ಕಡಿಮೆ, ಹಾಗಾಗಿ ಸೆಕೆಯೂ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ನಾಟಿಕೋಳಿಗಿಂತ ಬೇಗ ಮೈತುಂಬಿಕೊಳ್ಳುತ್ತದೆ. ಮೈ ಭಾರವಾದಷ್ಟೂ ಕಾವು ಕಳೆಯುವುದು ಕಷ್ಟ, ನೆರಳಿನ ಸರತಿಯಲ್ಲಿ ಅದಕ್ಕೆ ಮೊದಲ ಸ್ಥಾನ. ಅರ್ಥಶಾಸ್ತ್ರಕ್ಕೆ ಮೊಟ್ಟೆಯ ಮೂಲಕ ನಂಟು. ಇನ್ನು ಪಾಕಶಾಸ್ತ್ರ ಇದರ ಉತ್ತರಮೀಮಾಂಸೆ. ಇಷ್ಟೆಲ್ಲ ಉಪಚಾರದಿಂದ ಬೇಸಿಗೆ ದಾಟಿದ ಕೋಳಿ ಮಳೆಗಾಲದ ಮೊದಲ ನೆಂಟರು ಬಂದ ದಿನ ಅಲ್ಲಿಗೆ ವರ್ಗವಾಗುತ್ತದೆ. ಹಾಗಾದರೆ ಉಪಕಾರ ಯಾರಿಗೆ ಎಂಬ ಸಂಶಯಕ್ಕೆ ಕೋಳಿಯ ಹೇಳಿಕೆಯನ್ನೂ ದಾಖಲಿಸುವುದು ನ್ಯಾಯ. ಕೊಕ್ಕನ್ನು ಬೇರೆಯಾಗಿ ಎತ್ತಿಟ್ಟದ್ದು ಇದಕ್ಕೇ. ಅದು ಅಗಲವಾಗಿ ತೆರೆದೇ ಇದೆ, ಆದರೆ ಏದುಸಿರಿನ ನಡುವೆ ಆಕ್ಷೇಪಣೆಗೆ ಬಿಡುವಾಗಿಲ್ಲ. ಆಕ್ಷೇಪವಿಲ್ಲದ್ದನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ವಿದ್ವತ್ತಿನ ವಾಡಿಕೆ.